ಗಂಗಿಗೆ ಬಂದ ನೋಟಿಸು

ಮೂವತ್ತು ವರ್ಷ ಶಾಲೆಯಲ್ಲಿ ಮಗ್ಗಿ ಹೇಳಿಕೊಟ್ಟು ನಿವೃತ್ತಳಾದ ಬೆಟಗೇರಿಯ ಶಮಶಾದಬಿ ಮನೆಯಲ್ಲಿ ಸುಮ್ಮನೆ ಕೂರಲಾರದೆ ಹೊಸದೊಂದು ಕೆಲಸ ಹಿಡಿದಳು. ಹೆತ್ತವರು ಬಡಿದ, ಬಿಟ್ಟುಹೋದ ಮಕ್ಕಳ ಪರವಾಗಿ ನ್ಯಾಯಪೀಠದ ಮುಂದೆ ಮಾತಾಡುವುದು. ಸಂಬಳವಿಲ್ಲ. ಎರಡು ದಿನದ ತರಬೇತಿಯಲ್ಲಿ ಅವಳ ತಲೆಗೆ ಹತ್ತಿದ್ದು ಒಂದೇ ಮಾತು: ಮಗು ಹೇಳಿದ್ದನ್ನು ಮಗುವಿನ ಮಾತಿನಲ್ಲೇ ಬರೆಯಬೇಕು.

ಮೊದಲ ಪ್ರಕರಣ ಹಮ್ಮಿಗಿಯ ಎಂಟು ವರ್ಷದ ಕಾಂಚನಾಳದು. ತಾಯಿ ಇಲ್ಲ. ಅಪ್ಪ ವೀರು ಸಿಟ್ಟು ಬಂದರೆ ಬಡಿಯುವವನು, ಬೇಸರ ಬಂದರೆ ಊರು ಬಿಡುವವನು. ಈ ಸಲ ಹೋದವನು ಹನ್ನೊಂದು ದಿನವಾದರೂ ಬರಲಿಲ್ಲ. ಹುಡುಗಿ ಮನೆಯ ಆಡಿನ ಹಾಲು ಕುಡಿದು ಜೀವ ಹಿಡಿದಿದ್ದಳು. ಅಧಿಕಾರಿಗಳು ಅವಳನ್ನು ಗದಗಿನ ಮಕ್ಕಳ ಮನೆಗೆ ತಂದಿಟ್ಟರು. ಆಡು ಹಮ್ಮಿಗಿಯಲ್ಲೇ ನೆರೆಯವರ ಹಿತ್ತಲು ಸೇರಿತು.

"ನಿನ್ನ ಯಾರು ನೋಡ್ಕೊಂತಿದ್ರವಾ?" ಎಂದು ಶಮಶಾದಬಿ ಕೇಳಿದಳು.

"ಗಂಗಿ ರೀ. ಹಾಲು ಕೊಡತಾಳ. ಬಾಜೂಕ ಮಲಗತಾಳ. ಎಂದೂ ಬಡಿಯಂಗಿಲ್ಲ."

ಶಮಶಾದಬಿ ಒಂದಕ್ಷರ ಬದಲಿಸದೆ ಬರೆದು ಕೊಟ್ಟಳು. ಹದಿನೈದು ದಿನಕ್ಕೆ ನೋಟಿಸು ಬಂತು: ಮಗುವಿನ ಪಾಲಕಿ ಶ್ರೀಮತಿ ಗಂಗಿ ಖುದ್ದು ಹಾಜರಾಗತಕ್ಕದ್ದು.

ಶಮಶಾದಬಿ ಪೀಠದ ಗುಮಾಸ್ತ ಮೊಹಸಿನನ ಬಳಿ ಓಡಿದಳು. "ಅದು ಆಡೋ ಮಾರಾಯ!"

"ಅಕ್ಕೋರ, ಹೆಸರು ಫೈಲಿಗೆ ಏರೈತಿ. ತೆಗೀಬೇಕಂದ್ರ ಅವರೇ ಬಂದು ನಾ ಪಾಲಕಿ ಅಲ್ಲ ಅಂತ ಹೇಳಬೇಕು."

"ಆಡು ಹೆಂಗ ಹೇಳತೈತಿ?"

"ಅದನ್ನ ಸಾಹೇಬ್ರು ನೋಡ್ಕೊತಾರ. ನೀವು ಕರಕೊಂಡು ಬರ್ರಿ."

ಶಮಶಾದಬಿ ಹಮ್ಮಿಗಿಗೆ ಹೋಗಿ ಗಂಗಿಯನ್ನು ಬಸ್ಸು ಹತ್ತಿಸಿದಳು. ಹೆಂಗಸರಿಗೆ ಬಸ್ಸು ಫ್ರೀ ಅಲ್ಲವೇ ಎಂದದ್ದಕ್ಕೆ ಕಂಡಕ್ಟರ್, "ಹೆಣ್ಣು ಖರೆ, ಆದ್ರ ಆಧಾರ ಕಾರ್ಡ್ ಇಲ್ಲಲ್ರೀ," ಎಂದು ಲಗೇಜು ಟಿಕೀಟು ಹರಿದ.

ಪೀಠದ ಅಧ್ಯಕ್ಷ ಅಂದಾನಪ್ಪ ಕಾಗದದಿಂದ ಕಣ್ಣೆತ್ತದೆ "ಗಂಗಿ ಯಾರು?" ಎಂದರು. ಆಡು ಬ್ಯಾ ಎಂದಿತು. ಮೊಹಸಿನ 'ಹಾಜರು' ಎಂದು ಬರೆದುಕೊಂಡ. ಆಮೇಲೆ ಕಣ್ಣೆತ್ತಿದ ಅಂದಾನಪ್ಪ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಆಡು ಹಾಗೇ ನಿಂತಿತ್ತು. ಕೋಣೆಯಲ್ಲಿದ್ದವರು ಬಾಯಿ ಮುಚ್ಚಿಕೊಂಡು ನಕ್ಕರು.

ಶಮಶಾದಬಿಗೆ ನೆಲ ಬಿರಿದರೆ ಸಾಕೆನಿಸಿತು. ಅಷ್ಟರಲ್ಲಿ ಕಾಂಚನಾ ಓಡಿಬಂದು ಗಂಗಿಯ ಕೊರಳು ತಬ್ಬಿದಳು. ಅದನ್ನು ಕಂಡು ಶಮಶಾದಬಿ ಎದ್ದು ನಿಂತಳು.

"ನಗಬ್ಯಾಡ್ರಿ. ಹನ್ನೊಂದು ದಿನ ಈ ಕೂಸಿನ ಕೂಡ ಇದ್ದದ್ದು ಇದೊಂದೇ. ಅಪ್ಪಗ ಕೇಳೂದನ್ನ ಇದಕ್ಕೂ ಕೇಳ್ರಿ. ಹುಡುಗಿ ಉತ್ತರ ಹೇಳ್ತಾಳ."

ಅಂದಾನಪ್ಪ ಪಾಲಕರಿಗೆ ಕೇಳುವ ಪ್ರಶ್ನೆಗಳ ನಮೂನೆ ಬಿಚ್ಚಿದರು. ಊಟ ಕೊಟ್ಟಿದ್ದಾರೆಯೇ? ಹೌದು ರೀ. ಬಡಿದಿದ್ದಾರೆಯೇ? ಇಲ್ಲ ರೀ. ಜ್ವರ ಬಂದಾಗ ಬಳಿಯಲ್ಲಿದ್ದರೇ? ಬಾಜೂಕೇ ಇದ್ಲು ರೀ. ಸಹಿ ಬರುತ್ತದೆಯೇ? ಇಲ್ಲ ರೀ.

ಬಳಿಕ, ಊರಿಗೆ ಮರಳಿ ಮಗಳನ್ನು ಕೇಳಲು ಇಸ್ತ್ರಿ ಅಂಗಿ ತೊಟ್ಟು ಬಂದಿದ್ದ ವೀರುವಿನ ಸರದಿ.

"ಮಗಳು ಎಷ್ಟನೇ ಇಯತ್ತೆ?"

"ಅಂಗನವಾಡಿ ಇರಬೇಕ್ರಿ."

"ಮೂರನೇದು ರೀ," ಎಂದಳು ಕಾಂಚನಾ.

"ಆ ಹನ್ನೊಂದು ದಿನ ಏನು ಉಂಡಳು?"

ವೀರು ಮುಖ ಕೆಂಪಗೆ ಮಾಡಿಕೊಂಡು, "ಸಾಹೇಬ್ರ, ನನ್ನ ಆಡಿಗೆ ಹೋಲಸ್ತೀರೇನ್ರಿ?" ಎಂದ.

"ಹೋಲಿಸಿ ನೋಡೀನಿ. ನೀ ಸಹಿಯೊಳಗ ಮುಂದ ಅದೀ, ಅಷ್ಟೇ," ಎಂದರು ಅಂದಾನಪ್ಪ.

ಮಗುವನ್ನು ಸದ್ಯ ತಂದೆಗೆ ಒಪ್ಪಿಸಬಾರದೆಂದು ಆದೇಶವಾಯಿತು. ಗಂಗಿಯ ಹೆಸರು ತೆಗೆಯಲು ಅವಳೇ ಬಾಯಿಬಿಟ್ಟು ಹೇಳಬೇಕಾದ್ದರಿಂದ ಅದು ಫೈಲಿನಲ್ಲೇ ಉಳಿಯಿತು. ಪಾಲಕಿಯೆಂದ ಮೇಲೆ ಭಾನುವಾರದ ಭೇಟಿಯ ಹಕ್ಕೂ ಸಿಕ್ಕಿತು. ಶಮಶಾದಬಿ ಆಡನ್ನು ತನ್ನ ಹಿತ್ತಲಲ್ಲಿ ಕಟ್ಟಿಕೊಂಡು ವಾರವಾರವೂ ಪಕ್ಕದ ಗದಗಿಗೆ ನಡೆಸಿಕೊಂಡು ಹೋಗತೊಡಗಿದಳು.

ಮೊದಲೆರಡು ಭಾನುವಾರ ಕಾಂಚನಾ ಶಮಶಾದಬಿಯತ್ತ ನೋಡಲೂ ಇಲ್ಲ. ಮೂರನೆಯ ಸಲ ಆಡಿನ ಮೈ ಸವರುತ್ತಲೇ ಮೆಲ್ಲಗೆ ಕೇಳಿದಳು: "ಅಕ್ಕೋರ, ಗಂಗಿಗೆ ಆರಾಮ ಇಲ್ಲಂದ್ರ ನೀವೊಬ್ರೇ ಬರ್ತೀರೇನ್ರಿ?"

"ಬರ್ತೀನವಾ," ಎಂದಳು ಶಮಶಾದಬಿ. ಸೆರಗಿನಿಂದ ಕಣ್ಣೊರೆಸಿಕೊಂಡು ಹುಡುಗಿಯ ಪಕ್ಕ ನೆಲದ ಮೇಲೆ ಕುಳಿತಳು.