ಮೂವತ್ತೇಳನೆಯ ದಿನ

ಹನ್ನೊಂದನೆಯ ಉಸಿರಿಗೆ ಷಡಕ್ಷರಿಯ ಮನಸ್ಸು ಮತ್ತೆ ಅಂಗಡಿಗೆ ಓಡಿತು. ಎಡ ಅಂಗೈಯಲ್ಲಿ ಇಷ್ಟಲಿಂಗ, ಹಣೆಯ ಮೇಲೆ ವಿಭೂತಿ, ನೆಟ್ಟಗೆ ಕೂತ ಬೆನ್ನು, ಎಲ್ಲ ಸರಿಯಾಗಿಯೇ ಇತ್ತು. ಹಿರೀಸಾವೆಯ ಕೃಷ್ಣಪ್ಪನವರ ಸುಟ್ಟ ಮೋಟರು ಮಾತ್ರ ದೇವರ ಕೋಣೆಗೆ ಬಂದು ಕೂತಿತ್ತು. ಷಡಕ್ಷರಿ ಚನ್ನರಾಯಪಟ್ಟಣದಲ್ಲಿ ಮೂವತ್ತು ವರ್ಷದಿಂದ ಬೋರ್‌ವೆಲ್ ಮೋಟರುಗಳಿಗೆ ತಂತಿ ಸುತ್ತುತ್ತಿದ್ದ ಮನುಷ್ಯ. ಮಾತಾಡುತ್ತಲೇ ನೂರು ಸುತ್ತು ಸುತ್ತಿದರೂ ಒಂದು ಹೆಚ್ಚುಕಮ್ಮಿ ಆಗುವುದಿಲ್ಲ. ಅಂಥವನಿಗೆ ತನ್ನದೇ ಇಪ್ಪತ್ತು ಉಸಿರು ಎಣಿಸಲು ಬರುವುದಿಲ್ಲವೆಂದರೆ ಕೇಳಿದವರಿಗೆ ನಗು ಬಂದೀತು. ಅವನಿಗೆ ಅಳು ಬರುತ್ತಿತ್ತು. ಮತ್ತೆ ಒಂದರಿಂದ ಶುರುಮಾಡಿದ.

ಷಡಕ್ಷರಿಯ ಕೋಪ ಬೀದಿಗೆಲ್ಲ ಗೊತ್ತಿದ್ದದ್ದೇ. ಅಪ್ಪನಿಂದ ಬಂದ ಆಸ್ತಿ ಎಂದು ಅವನೇ ಹೆಮ್ಮೆಯಿಂದ ಹೇಳಿಕೊಂಡು ತಿರುಗಿದ್ದೂ ಉಂಟು. ಶಿವರಾತ್ರಿಯ ಹಿಂದಿನ ವಾರ ಗಿರಾಕಿಯೊಬ್ಬನ ಜೊತೆ ಜಗಳವಾಡಿ ಮನೆಗೆ ಬಂದವನಿಗೆ ಮಗಳು ಮಾನಸಾ, "ತಪ್ಪು ನಿಮ್ದೂ ಇತ್ತಲ್ವಾ ಅಪ್ಪಾಜಿ" ಅಂದಳು. ಅಷ್ಟೇ ಅಂದದ್ದು. ಕೈ ಎದ್ದೇಬಿಟ್ಟಿತು, ಏಟು ಅವಳ ಎಡಗಿವಿಗೆ ಬಿತ್ತು. ಹಾಸನದ ಡಾಕ್ಟರಿಗೆ ಹೆಂಡತಿ ಕಮಲಾಕ್ಷಮ್ಮ, "ಬಚ್ಚಲಲ್ಲಿ ಜಾರಿ ಬಿದ್ದಳು" ಎಂದು ಹೇಳಿದಳು. ಡಾಕ್ಟರು ಅವಳ ಮುಖವನ್ನು ನೋಡಲಿಲ್ಲ, ಷಡಕ್ಷರಿಯ ಕೈಯನ್ನು ನೋಡಿದರು. ಎಡಗಿವಿಗೆ ಕೇಳುವ ಶಕ್ತಿ ಇನ್ನು ಬರುವುದಿಲ್ಲ ಎಂದರು. ಪೊಲೀಸ್ ಕೆಲಸದ ಪರೀಕ್ಷೆ, ಓಟ ಎರಡನ್ನೂ ದಾಟಿದ್ದ ಹುಡುಗಿ ಕಿವಿಯ ತಪಾಸಣೆಯಲ್ಲಿ ಹೊರಗುಳಿದಳು. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬಂದೀತೇ ಎನ್ನುತ್ತಾರೆ, ಕಿವಿಯೂ ಅಷ್ಟೇ. ಅವಳು ಒಂದು ಮಾತೂ ಆಡದೆ ಬಟ್ಟೆ ತುಂಬಿಕೊಂಡು ನುಗ್ಗೇಹಳ್ಳಿಯ ದೊಡ್ಡಮ್ಮನ ಮನೆಗೆ ಹೊರಟುಹೋದಳು.

ದಾರಿ ತೋರಿಸಿದವರು ಮಠದ ಚಂದ್ರಮೌಳಿ ಅಯ್ನೋರು. "ಕೊರಳಾಗಿರೋ ಲಿಂಗಾನ ಅಂಗೈಗೆ ತಗಂಡು ಎಷ್ಟು ವರ್ಸ ಆಯ್ತಪ್ಪಾ? ಒಂದ್ ಮಂಡಲ, ನಲವತ್ತೆಂಟು ದಿನ, ಅರ್ಧರ್ಧ ಗಂಟೆ ಕೂತ್ಕೊ. ಕಣ್ಣು ಲಿಂಗದ ಮ್ಯಾಲೆ, ಎಣಿಕೆ ಉಸಿರಿನ ಮ್ಯಾಲೆ. ಒಂದ್ ದಿನ ತಪ್ಪುದ್ರೂ, ಒಬ್ರ ಮ್ಯಾಲೆ ರೇಗುದ್ರೂ ಮತ್ತೆ ಒಂದರಿಂದ" ಅಂದಿದ್ದರು. ಕಮಲಾಕ್ಷಮ್ಮ ಈ ಸುದ್ದಿಯನ್ನು ನುಗ್ಗೇಹಳ್ಳಿಗೆ ಮುಟ್ಟಿಸಿದಾಗ ಮಾನಸಾ, "ಪೂರಾ ಮಾಡ್ಲಿ, ಬತ್ತೀನಿ" ಎಂದಿದ್ದಳು. ಅಂದಿನಿಂದ ಗಂಡಹೆಂಡಿರಿಬ್ಬರೂ ಆ ಒಂದು ಮಾತಿಗೆ ಜೋತುಬಿದ್ದಿದ್ದರು.

ಮೊದಲ ಸಲ ಐದನೆಯ ದಿನಕ್ಕೆ ಮುರಿಯಿತು. ಅರಕಲಗೂಡಿನಲ್ಲಿ ಮದುವೆ, ಬೆಳಿಗ್ಗೆ ಏಳಲಾಗಲಿಲ್ಲ. ಎರಡನೆಯ ಸಲ ಹತ್ತೊಂಬತ್ತಕ್ಕೆ. ಬಸ್ಸಿನಲ್ಲಿ ಚಿಲ್ಲರೆಗಾಗಿ ಕಂಡಕ್ಟರನ ಅಂಗಿ ಹಿಡಿದ. ಇದು ಮೂರನೆಯದು. ಇವತ್ತಿಗೆ ಮೂವತ್ತೇಳು ದಿನ. ಕೂತರೆ ಮೊಣಕಾಲು ನೋವು, ಎದ್ದರೆ ನಾಳೆಯ ಭಯ. ಒಂದು ದಿನವೂ ಮನಸ್ಸು ನಿಂತಿರಲಿಲ್ಲ ಎನ್ನುವುದನ್ನು ಮಾತ್ರ ಅವನು ಅಯ್ನೋರಿಗೂ ಹೇಳಿರಲಿಲ್ಲ, ಹೆಂಡತಿಗೂ ಹೇಳಿರಲಿಲ್ಲ.

ಇವತ್ತು ನಿಂತಿತು. ಹೇಗೆಂದು ಅವನಿಗೂ ತಿಳಿಯಲಿಲ್ಲ. ಇಪ್ಪತ್ತು ದಾಟಿತು, ನಲವತ್ತು ದಾಟಿತು, ಆಮೇಲೆ ಎಣಿಕೆಯೇ ಬೇಕಾಗಲಿಲ್ಲ. ಅಂಗೈಯ ಕರಿಯ ಲಿಂಗದ ಮೇಲೆ ದೀಪದ ಒಂದು ಚುಕ್ಕೆ ಬೆಳಕು. ಕೃಷ್ಣಪ್ಪನವರಿಲ್ಲ, ಮೋಟರಿಲ್ಲ, ಬಚ್ಚಲೂ ಇಲ್ಲ, ಡಾಕ್ಟರೂ ಇಲ್ಲ. ಐವತ್ತೆರಡು ವರ್ಷದಲ್ಲಿ ಇಂಥ ನೆಮ್ಮದಿಯೊಂದು ತನ್ನೊಳಗೇ ಇತ್ತೆಂದು ಅವನಿಗೆ ಗೊತ್ತಿರಲಿಲ್ಲ. ಕಣ್ಣಲ್ಲಿ ನೀರು ತುಂಬಿತು.

ಆಗ ಅಡುಗೆಮನೆಯಲ್ಲಿ ಸ್ಟೀಲಿನ ತಟ್ಟೆಗಳು ಒಂದರ ಮೇಲೊಂದು ಬಿದ್ದವು. ಅವು ನಿಲ್ಲುವಷ್ಟರಲ್ಲಿ ಲೋಟಗಳು. ಆಮೇಲೆ ಪಾತ್ರೆಯನ್ನು ಕಲ್ಲಿನ ಮೇಲೆ ಎಳೆದ ಸದ್ದು, ಹಲ್ಲು ಜುಮ್ಮೆನ್ನುವ ಹಾಗೆ.

ಷಡಕ್ಷರಿ ತಲೆ ಎತ್ತಿದ. ಬಾಗಿಲಿನಾಚೆ ಅಡುಗೆಮನೆಯಲ್ಲಿ ಮಾನಸಾ ನಿಂತಿದ್ದಳು. ಯಾವಾಗ ಬಂದಳೋ, ಮೊದಲ ಬಸ್ಸಿಗೇ ಬಂದಿರಬೇಕು. ಪಾತ್ರೆಗಳನ್ನು ಒರೆಸಿ ಸ್ಟ್ಯಾಂಡಿಗೆ ಜೋಡಿಸುತ್ತಿದ್ದಳು. ಮಗಳೆಂದು ಅವನು ಗುರುತಿಸಿದ. ಗುರುತಿಸಿದ ಮೇಲೆಯೇ ಅಂದ.

"ಲೇ ಹಲ್ಕಾ ಮುಂಡೆ! ಕೂತಿರೋದು ಕಾಣಕಿಲ್ವೇನೇ? ಉಳ್ದಿರೋ ಇನ್ನೊಂದು ಕಿವೀನೂ ಒಡುದ್ಬುಡ್ತೀನಿ, ನೋಡ್ತಿರು!"

ಲಿಂಗ ಅಂಗೈಯಿಂದ ಜಾರಿ ಮಡಿಲಿಗೆ ಬಿತ್ತು. ಹಿತ್ತಿಲ ಬಾಗಿಲಲ್ಲಿ ಹೂವಿನ ಬುಟ್ಟಿ ಹಿಡಿದು ನಿಂತಿದ್ದ ಕಮಲಾಕ್ಷಮ್ಮ ಗೋಡೆಗೆ ಒರಗಿದಳು.

ಮಾನಸಾ ತಟ್ಟೆ ಒರೆಸುತ್ತಲೇ ಇದ್ದಳು. ಅವಳ ಎಡಮಗ್ಗುಲು ಇವನ ಕಡೆಗಿತ್ತು. ಬಲಗಿವಿಯಲ್ಲಿ ಇಯರ್‌ಫೋನು, ಮತ್ಯಾವುದೋ ಪರೀಕ್ಷೆಯ ಪಾಠ ಕೇಳುತ್ತಿದ್ದಳು. ಕೈಲಿದ್ದದ್ದನ್ನು ಜೋಡಿಸಿ ತಿರುಗಿದವಳು ಅಪ್ಪನನ್ನು ನೋಡಿ ಇಯರ್‌ಫೋನು ತೆಗೆದು ನಕ್ಕಳು. ಐದು ತಿಂಗಳ ಮೇಲೆ ನಕ್ಕ ನಗು.

"ಆಯ್ತಾ ಅಪ್ಪಾಜಿ? ನೀವು ಕೂತಿದ್ರಲ್ಲಾ, ಅದ್ಕೇ ಒಂಚೂರೂ ಸದ್ದು ಮಾಡ್ದೆ ಕೆಲ್ಸ ಮಾಡ್ತಿದ್ದೆ."

ಷಡಕ್ಷರಿ ಹೌದೆನ್ನುವಂತೆ ತಲೆ ಅಲ್ಲಾಡಿಸಿದ.

ತಿಂಡಿಗೆ ಕೂತಾಗ ಮಾನಸಾಳೇ ಮಾತಾಡಿದಳು. ನುಗ್ಗೇಹಳ್ಳಿಯ ಮಳೆ, ದೊಡ್ಡಮ್ಮನ ಮಂಡಿನೋವು. ಇನ್ನು ಹನ್ನೊಂದು ದಿನ ತಾನೇ, ಇಲ್ಲೇ ಇದ್ದುಬಿಡುತ್ತೇನೆ, ಬಟ್ಟೆಯನ್ನೆಲ್ಲ ತಂದಿದ್ದೇನೆ ಅಂದಳು. ಕಮಲಾಕ್ಷಮ್ಮ ಅಕ್ಕಿರೊಟ್ಟಿಯನ್ನು ಮಗಳ ತಟ್ಟೆಗೆ ಹಾಕಿ, "ಬ್ಯಾಡ. ಹತ್ತೂವರೆ ಬಸ್ಸಿಗೆ ಓಗ್ಬುಡು" ಎಂದಳು.

"ಯಾಕಮ್ಮಾ?"

"ಓಗು ಅಂದ್ರೆ ಓಗ್ಬೇಕು. ಅಷ್ಟೇಯ."

"ಮೊನ್ನೆ ನೀನೇ ಫೋನಲ್ಲಿ ಅತ್ಕಂಡು ಕರ್ದೆ! ಈಗ ಬಂದ್ರೆ ಓಗು ಅಂತೀಯಾ? ನಿಂಗೂ ನಾನು ಬ್ಯಾಡ್ವಾ?"

ಕಮಲಾಕ್ಷಮ್ಮ ಒಲೆಯ ಕಡೆಗೆ ತಿರುಗಿ ಕಾವಲಿಯ ಮೇಲಿನ ರೊಟ್ಟಿಯನ್ನು ಸೀಯಲು ಬಿಟ್ಟು ನಿಂತಳು. ಮಗಳು ಬರಲೆಂದು ಐದು ತಿಂಗಳು ಕಂಡ ದೇವರಿಗೆಲ್ಲ ಕೈಮುಗಿದವಳು ಅವಳು.

"ಇವ್ಳನ್ನ ನೋಡಿ ಅಪ್ಪಾಜಿ. ನೀವಾದ್ರೂ ಹೇಳಿ."

ಹೇಳಬೇಕಾದದ್ದು ಏನೂ ಇರಲಿಲ್ಲ. ಸುಮ್ಮನಿದ್ದರೆ ಸಾಕಾಗಿತ್ತು. ಇನ್ನೂ ಸುಲಭವಾಗಿ, 'ಇರ್ಲಿ ಬುಡೇ' ಎಂದು ಹೆಂಡತಿಯನ್ನು ಗದರಿದ್ದರೆ ಮಗಳು ಮನೆಯಲ್ಲೇ ಉಳಿಯುತ್ತಿದ್ದಳು. ಕಮಲಾಕ್ಷಮ್ಮ ಸಾಯುವ ತನಕ ಬಾಯಿ ಬಿಡುವವಳಲ್ಲ. ಬಚ್ಚಲ ಕಥೆಯನ್ನು ಕಟ್ಟಿದವಳೇ ಅವಳು. ತುತ್ತನ್ನು ಕೈಯಲ್ಲೇ ಹಿಡಿದು ಷಡಕ್ಷರಿ ಇದನ್ನೆಲ್ಲ ಯೋಚಿಸಿದ. ಆಸೆಯಾಯಿತು, ತುಂಬ ಆಸೆಯಾಯಿತು. ಇದೊಂದು ಸಲ ಸುಮ್ಮನಿದ್ದುಬಿಡೋಣ, ಇನ್ನು ಮೇಲೆ ಸರಿಯಾಗಿರುತ್ತೇನೆ ಅಂದುಕೊಂಡ. ಹಾಗೆ ಅಂದುಕೊಂಡದ್ದು ಇದು ಎಷ್ಟನೆಯ ಸಲವೋ.

"ನಿಮ್ಮಮ್ಮನ ಬೈಬ್ಯಾಡ ಕಣವ್ವಾ" ಅಂದ. "ಬೆಳಿಗ್ಗೆ ನಾನು ನಿಂಗೆ ಒಂದ್ ಮಾತಂದೆ. ನಿಂಗೆ ಕೇಳಿಸ್ಲಿಲ್ಲ. ಅವ್ಳಿಗೆ ಕೇಳುಸ್ತು."

ಕಮಲಾಕ್ಷಮ್ಮ ಹಿಂದಿನಿಂದಲೇ, "ಬ್ಯಾಡಿ ಅಂದ್ರೆ" ಅಂದಳು.

ಮಾನಸಾ ಅಮ್ಮನನ್ನು ನೋಡಿದಳು, ಅಪ್ಪನನ್ನು ನೋಡಿದಳು. "ಏನಂದ್ರಿ?"

ಷಡಕ್ಷರಿ ತಟ್ಟೆಯಲ್ಲೇ ಕೈ ತೊಳೆದುಕೊಂಡು ಎದ್ದ. ಅವಳ ಎಡಗಡೆ ಕೂತಿದ್ದವನು ಸುತ್ತಿ ಬಂದು ಬಲಗಡೆ ಮಂಡಿಯೂರಿ ಕೂತ. ಒಂದು ಅಕ್ಷರವನ್ನೂ ಬಿಡದೆ, ಒಂದನ್ನೂ ಮೆತ್ತಗೆ ಮಾಡದೆ, ಬೆಳಿಗ್ಗೆ ಅಂದದ್ದನ್ನು ಮೆಲುದನಿಯಲ್ಲಿ ಅಂದ.

ಮಾನಸಾ ಅಳಲಿಲ್ಲ. ಬಲಗೈ ಎಂಜಲಾಗಿತ್ತು. ಎಡಗೈಯನ್ನು ತಲೆಯ ಮೇಲಿಂದ ತಂದು ಬಲಗಿವಿಯನ್ನು ಮುಚ್ಚಿಕೊಂಡಳು. ಕಮಲಾಕ್ಷಮ್ಮ ಒಲೆ ಆರಿಸಿ ಬಂದು, "ಮಗಾ" ಎಂದು ಕರೆದಳು. ಇನ್ನೊಂದು ಸಲ, ಜೋರಾಗಿ ಕರೆದಳು. ಹುಡುಗಿ ಕಿವಿಯ ಮೇಲಿನ ಕೈ ತೆಗೆಯದೆ ಹಾಗೆಯೇ ಕೂತು ಮುಂದಿದ್ದ ರೊಟ್ಟಿಯನ್ನು ಒಂದೊಂದೇ ಚೂರು ಮುರಿದು ತಿನ್ನುತ್ತಿದ್ದಳು.