ಒನೊರಿನ್‌ಳ ಬಾಲ್ಕನಿಗೆ ಯಾವ ಬಣ್ಣ

ಸುಟ್ಟ ರಬ್ಬರಿನ ನಡುವೆ ಎಲ್ಲೋ ಸೊಪ್ಪು ತುಂಬಿದ ಬಾರ್ಬಾಜುವಾನ್ ಕಡುಬು ಕರಿಯುವ ವಾಸನೆ, ಒನೊರಿನ್‌ಳ ಅಡುಗೆಮನೆಯದೇ ಇರಬೇಕು, ಇಲ್ಲ, ಉತ್ತರ ಕೊಡಬೇಕಾದ ದಿನ ಯಾರಾದರೂ ಎಣ್ಣೆ ಕಾಯಿಸುತ್ತ ನಿಲ್ಲುತ್ತಾರೆಯೇ — ಬಂತು, ನಿಧಾನದ ಕಾರು, ಹಿಂದೆಯೇ ಮೊದಲ ಸ್ಥಾನದವನು, ನೀಲಿ ಬಾವುಟ ಎತ್ತು, ಬೀಸು, ಹಿಂದೆ ವೇಗದವನಿದ್ದಾನೆ ದಾರಿ ಬಿಡಪ್ಪ, ಬಿಟ್ಟ, ಇಬ್ಬರೂ ಹೋದರು, ಕಿವಿಯೊಳಗೆ ಇನ್ನೂ ಅವರೇ. ಐವತ್ತೆರಡನೇ ಸುತ್ತು, ಉಳಿದದ್ದು ಇಪ್ಪತ್ತಾರು. ಮೇಲೆ ನೋಡಬಾರದು. ಮಾಂಟೆ ಕಾರ್ಲೋದ ಈ ಹೇರ್‌ಪಿನ್ ತಿರುವಿನಲ್ಲಿ ಮೂವತ್ತೊಂದು ವರ್ಷದಿಂದ ಬಾವುಟ ಹಿಡಿದಿದ್ದೇನೆ, ರೇಸ್ ನಡೆಯುವಾಗ ಒಮ್ಮೆಯೂ ತಲೆ ಎತ್ತಿಲ್ಲ, ಮಹಡಿಯಿಂದ ಸ್ವಂತ ಅಕ್ಕ ಹೆಸರು ಹಿಡಿದು ಕೂಗಿದರೂ ಎತ್ತಲಿಲ್ಲ, ಸೆವೆರಿನ್ ಕತ್ತಿಗೆ ಕೀಲೇ ಇಲ್ಲ ಕಣ್ರಪ್ಪ ಅಂತ ನಮ್ಮ ತಿರುವಿನ ಯಜಮಾನ ಬಾಪ್ಟಿಸ್ಟಿನ್ ಎಲ್ಲರೆದುರು ಹೇಳುತ್ತಾನೆ, ನಾನು ಅದನ್ನು ಹೊಗಳಿಕೆ ಅಂತಲೇ ತಿಳಿದುಕೊಂಡಿದ್ದೆ. ಆದರೆ ಈವತ್ತು ಮೊದಲ ಮಹಡಿಯಲ್ಲಿ, ನನ್ನ ನೆತ್ತಿಗೆ ಸರಿಯಾಗಿ, ಅವಳ ಬಾಲ್ಕನಿ, ಕಪ್ಪು ಕಬ್ಬಿಣದ ಕಟಕಟೆ, ರೇಸ್ ಶುರುವಾಗುವ ಮುಂಚೆ ನೋಡಿದಾಗ ಖಾಲಿ.

ಕೇಳಿದ್ದು ಮಾರ್ಚ್‌ನಲ್ಲಿ, ಅವಳ ಮನೆಯ ಮೆಟ್ಟಿಲ ಮೇಲೆ, ಅವಳದೇ ಸೊಪ್ಪಿನ ಚೀಲ ಹೊತ್ತುಕೊಂಡು, ಅರವತ್ತಮೂರು ವರ್ಷದ ನಾನು ಏದುಸಿರು ಬಿಡುತ್ತ, ಒನೊರಿನ್, ನನ್ನ ಮದ್ವೆ ಆಗ್ತೀಯಾ. ಗಂಡ ಹೋಗಿ ಏಳು ವರ್ಷವಾದವಳು, ನಕ್ಕಳು. ಯೋಚ್ನೆ ಮಾಡ್ತೀನಿ ಮಾರಾಯ, ರೇಸ್ ಭಾನ್ವಾರ ಹೇಳ್ತೀನಿ, ಆ ಗಲಾಟೇಲಿ ಬಾಯಲ್ಲಿ ಹೇಳಿದ್ರೆ ಕೇಳ್ಸಲ್ಲ, ಬಾಲ್ಕನಿಗೆ ಬಟ್ಟೆ ಹಾಕಿದ್ರೆ ಹೂಂ ಅಂತ, ಖಾಲಿ ಇದ್ರೆ ಇಲ್ಲ ಅಂತ, ನನ್ನ ಕೆಂಪು ಮೇಜುಬಟ್ಟೆ ಇದ್ಯಲ್ಲ, ಅದು. ಬೇರೆ ಯಾರಾದರೂ ಆಗಿದ್ದರೆ ಕೈ ಹಿಡಿದುಕೊಳ್ಳುತ್ತಿದ್ದ, ನಾನು ಹೇಳಿದೆ, ಕೆಂಪು ಆಗಲ್ಲ ಒನೊರಿನ್, ಕೆಂಪು ಕಂಡ್ರೆ ರೇಸೇ ನಿಲ್ಲುತ್ತೆ. ಸರಿ, ಹಳದಿ. ಹಳದಿ ಅಂದ್ರೆ ಅಪಾಯ. ಹಸಿರು? ಅಪಾಯ ಮುಗೀತು ಅಂತ. ಬಿಳಿ? ಮುಂದೆ ನಿಧಾನದ ಗಾಡಿ ಇದೆ ಅಂತ. ಅದು ನೀನೇ ಅಲ್ವಾ, ಹೋಗ್ಲಿ, ನೀಲಿ? ದೇವರಾಣೆ ನೀಲಿ ಬೇಡ, ಅದು ನನ್ನ ಬಾವುಟ. ಚೀಲ ಕಿತ್ತುಕೊಂಡಳು. ಇನ್ನೇನು ಉಳೀತು, ನನ್ನ ಗಂಡನ ಕಂದು ಪ್ಯಾಂಟಾ, ಆ ಪುಣ್ಯಾತ್ಮ ಇಸ್ಪೀಟು ಮೇಜಿಂದ ತಲೆ ಎತ್ಲಿಲ್ಲ, ನೀನು ರಸ್ತೆಯಿಂದ ಎತ್ತಲ್ಲ, ಎಲ್ಲಾ ನನ್ನ ಹಣೇಲೇ ಬರ್ದಿದ್ಯಲ್ಲ — ಬಾಗಿಲು ದಡಾರನೆ ಬಿತ್ತು. ಎರಡು ತಿಂಗಳಾಯಿತು, ಮಾತಿಲ್ಲ, ಬಟ್ಟೆಯ ಆ ಒಪ್ಪಂದ ಇನ್ನೂ ಉಳಿದಿದೆಯೋ ಅದೂ ಗೊತ್ತಿಲ್ಲ. ನನಗೆ ಅವಳು ಬೇಕು, ಬರೀ ಅಷ್ಟು ಹೇಳಿ ಬಾಯಿ ಮುಚ್ಚಿಕೊಳ್ಳಬಹುದಿತ್ತು.

ಬೀಸು, ಬೀಸು, ಹೋದ. ಅರವತ್ತೊಂಬತ್ತನೇ ಸುತ್ತು. ಹಿಂದಿನಿಂದ ಬಾಪ್ಟಿಸ್ಟಿನ್, ಏನೋ ಹಿಂಗ್ ಬೆವರ್ತಿದ್ದೀಯ, ನೀನೇನು ಕಾರ್ ಓಡಿಸ್ತಿದ್ದೀಯಾ. ಎಪ್ಪತ್ತು. ರೇಸ್ ಮುಗಿದ ಮೇಲೆ ನೋಡಿದರಾಯಿತು, ಬಟ್ಟೆ ಎಲ್ಲಿಗೆ ಓಡುತ್ತದೆ, ಆದರೆ ಖಾಲಿ ಇದ್ದರೆ, ಖಾಲಿ ಕಟಕಟೆಯ ಕೆಳಗೆ ಇನ್ನೆಷ್ಟು ವರ್ಷ ನಿಲ್ಲುವುದು — ಎತ್ತಿಬಿಟ್ಟೆ, ತಲೆ ಎತ್ತಿಬಿಟ್ಟೆ, ಕತ್ತಿಗೆ ಕೀಲಿದೆ. ಕಟಕಟೆ ಖಾಲಿ. ಅದರ ಹಿಂದೆ ಒನೊರಿನ್, ಸೊಂಟದ ಮೇಲೆ ಕೈ, ನೇರ ನನ್ನನ್ನೇ ನೋಡುತ್ತಿದ್ದಾಳೆ, ಯಾವಾಗಿನಿಂದ ನಿಂತಿದ್ದಾಳೋ. ಇಳಿಜಾರಿನಲ್ಲಿ ಸದ್ದು, ಎರಡು ಕಾರು, ಗೊತ್ತಾಗುತ್ತಿದೆ, ನನ್ನ ಕೈ ಏಳುತ್ತಿಲ್ಲ, ಕಣ್ಣು ಇಳಿಯುತ್ತಿಲ್ಲ, ಅವಳು ರಸ್ತೆ ನೋಡುತ್ತಾಳೆ, ನನ್ನನ್ನು ನೋಡುತ್ತಾಳೆ, ಅಯ್ಯೋ ಪೆದ್ದ ಅನ್ನುವುದು ತುಟಿಯಲ್ಲೇ ಕಾಣುತ್ತದೆ, ಒಳಗೆ ಕೈ ಹಾಕಿ ಕಿಟಕಿಯ ನೀಲಿ ಪರದೆಯನ್ನು ಸರಳಿನ ಸಮೇತ ಕಿತ್ತು ಬೀಸುತ್ತಾಳೆ, ಎರಡು ಕೈಯಲ್ಲೂ, ನನಗಿಂತ ಚೆನ್ನಾಗಿ, ಮುಂದಿನವನು ಗಾಬರಿಬಿದ್ದು ಪಕ್ಕಕ್ಕೆ ಸರಿಯುತ್ತಾನೆ, ಹಿಂದಿನವನು ಹೋದ. ಬಾಪ್ಟಿಸ್ಟಿನ್‌ನ ರೇಡಿಯೊ ಕರಕರ ಅನ್ನುತ್ತದೆ, ಲೋ ಸೆವೆರಿನ್, ಕಂಟ್ರೋಲ್ ರೂಮಿನೋರು ಹೇಳ್ತಿದ್ದಾರೆ, ನೀಲಿ ಭಾಳ ಚೆನ್ನಾಗಿ ತೋರಿಸ್ದೆಯಂತೆ. ನನ್ನ ಬಾವುಟ ಕಾಲ ಹತ್ತಿರ ಬಿದ್ದಿದೆ, ಅವಳು ಪರದೆಯನ್ನು ಒಳಗೆ ಎಳೆದುಕೊಳ್ಳುತ್ತಿಲ್ಲ, ಕಟಕಟೆಯ ಮೇಲೆ ಹರವುತ್ತಿದ್ದಾಳೆ, ಮಡಿಕೆ ಬಿಡಿಸುತ್ತಿದ್ದಾಳೆ, ನಿಯಮದ ಪ್ರಕಾರ ಅದನ್ನು ತೆಗೆಸಬೇಕಾದವನು ನಾನು, ಬಾಯಿ ತೆರೆದಿದ್ದೇನೆ, ಮುಚ್ಚಲೂ ಆಗುತ್ತಿಲ್ಲ, ಅವಳು ಏಪ್ರನ್ ಜೇಬಿನಿಂದ ಬಟ್ಟೆ ಕ್ಲಿಪ್ಪು ತೆಗೆದು ಸಿಕ್ಕಿಸುತ್ತಿದ್ದಾಳೆ, ಒಂದು, ಎರಡು, ಕಪ್ಪು ಕಟಕಟೆ, ನೀಲಿ ಪರದೆ, ಇನ್ನೊಂದು ಕ್ಲಿಪ್ಪು