ಫಿರಂಗಿ ಗಾಡಿಯ ಎರಡು ಗಾಲಿ

ಅಣ್ಣ ಮರದವನು, ತಮ್ಮ ಕಬ್ಬಿಣದವನು. ಒಂದೇ ಅಂಗಳದ ಈ ಕಡೆ ಅಣ್ಣನ ಬಡಗಿ ಕೋಣೆ, ಆ ಕಡೆ ತಮ್ಮನ ಕುಲುಮೆ. ನಲವತ್ತು ವರ್ಷ ಇಬ್ಬರೂ ಸೇರಿ ಗಾಡಿಯ ಗಾಲಿ ಮಾಡಿದರು. ರಬ್ಬರ್ ಟೈರು ಬಂದ ಮೇಲೆ ಮರದ ಗಾಲಿ ಕೇಳಿಕೊಂಡು ಬರುವವರೇ ಇಲ್ಲವಾದರು. ಹಾಗಂತ ಅಣ್ಣನ ಕೈ ಸುಮ್ಮನೆ ಕೂರುವ ಕೈಯಲ್ಲ. ಮ್ಯೂಸಿಯಂನವರು ಮಾದರಿ ಫಿರಂಗಿಯೊಂದರ ಮೊಳದುದ್ದದ ಹಿತ್ತಾಳೆ ಕೊಳವೆಯನ್ನು ತಂದು, ಇದರ ಗಾಡಿ ಗೆದ್ದಲು ಹಿಡಿದು ಹೋಗಿದೆ, ಅಸಲಿನ ಆರರಲ್ಲೊಂದು ಅಳತೆಗೆ ಹೊಸದು ಮಾಡಿಕೊಡುತ್ತೀರಾ ಎಂದು ಕೇಳಿದರು. ಅವರು ಮಾತು ಮುಗಿಸುವುದರೊಳಗೆ ಅಣ್ಣ ಕೊಳವೆಗೆ ದಾರ ಸುತ್ತಿ ಅಳತೆ ತೆಗೆಯುತ್ತಿದ್ದ.

ಅಣ್ಣನಂಥ ಕೆಲಸಗಾರ ಇನ್ನೊಬ್ಬ ಹುಟ್ಟಿಲ್ಲ ಎನ್ನುವುದು ತಮ್ಮನ ನಂಬಿಕೆ. ಇದನ್ನು ಅಣ್ಣನ ಮುಂದೆ ಒಂದು ದಿನವೂ ಬಾಯಿಬಿಟ್ಟು ಹೇಳಿದವನಲ್ಲ. ಬೆನ್ನ ಹಿಂದೆ ಮಾತ್ರ ಸಿಕ್ಕಸಿಕ್ಕವರಿಗೆಲ್ಲ ಹೇಳಿದ್ದಾನೆ.

ಹೇಳದೆ ಏನು ಮಾಡುತ್ತಾನೆ? ನಾಲ್ಕು ತಿಂಗಳು ಕೂತು ಅಣ್ಣ ಎರಡು ಗಾಲಿ ಮಾಡಿದ್ದ, ಒಂದೊಂದೂ ಒಂದು ಗೇಣು. ಪೆನ್ಸಿಲ್ ದಪ್ಪದ ಹನ್ನೆರಡು ಕಡ್ಡಿ. ಗರಗಸ ಮುಟ್ಟಿಸಿದರೆ ಮರದ ಎಳೆ ತುಂಡಾಗುತ್ತದೆಂದು ಪ್ರತಿ ಕಡ್ಡಿಯನ್ನೂ ಎಳೆ ಹಿಡಿದು ಸೀಳಿ ಹೆರೆದಿದ್ದ. ಗಾಡಿಯ ಹಿಂದೆ ಚಾಚಿದ ಉದ್ದನೆಯ ಬಾಲ, ಅದರ ಮೇಲೆ ಬೆಂಕಿಪೊಟ್ಟಣದಷ್ಟು ದೊಡ್ಡ ಸಾಮಾನಿನ ಪೆಟ್ಟಿಗೆ. ಅದನ್ನು ತೆರೆದು ನೋಡುವ ಪುಣ್ಯಾತ್ಮ ಯಾರೂ ಇಲ್ಲ, ಗಾಜಿನೊಳಗಿರುವ ವಸ್ತು. ಆದರೂ ಅದಕ್ಕೆ ಕೀಲುಂಟು, ಒಳಗೂ ನುಣ್ಣಗೆ ಉಜ್ಜಿದ್ದುಂಟು.

“ಊಟದ ಮೇಜಿನ ಮೇಲೆ ತಟ್ಟೆ ಇಡೋಕೆ ಜಾಗ ಇಲ್ಲ. ಯುದ್ಧ ಯಾರ ಮೇಲೆ ಅಂತಾದ್ರೂ ಹೇಳಿಬಿಡ್ರೀ, ನಾನೂ ತಯಾರಾಗಿರ್ತೀನಿ” ಅಂದಳು ಅತ್ತಿಗೆ. ಬಾಯಲ್ಲಿ ಹಾಗಂದರೂ, ಗುಡಿಸುವಾಗ ಬಿದ್ದ ಚೂರೊಂದನ್ನೂ ಅವಳು ಕೇಳದೆ ಎಸೆದವಳಲ್ಲ.

ಉಳಿದಿದ್ದು ಗಾಲಿಗೆ ಕಬ್ಬಿಣದ ಪಟ್ಟಿ ಹಾಕುವುದು. ಅದು ತಮ್ಮನ ಪಾಲಿನ ಕೆಲಸ. ಪಟ್ಟಿಯನ್ನು ಗಾಲಿಗಿಂತ ಚೂರು ಚಿಕ್ಕದಾಗಿ ಬೆಸೆದು, ಕೆಂಪಗೆ ಕಾಯಿಸಿ, ಹಿಗ್ಗಿರುವಾಗಲೇ ಮರದ ಮೇಲೆ ಕೂರಿಸಬೇಕು. ಸುತ್ತಲೂ ಸುತ್ತಿಗೆಯಿಂದ ತಟ್ಟುತ್ತಾ ಇಪ್ಪತ್ತು ಎಣಿಸಬೇಕು. ಆಮೇಲೆ ತಮ್ಮ “ನೀರು!” ಎನ್ನುತ್ತಾನೆ, ಅಣ್ಣ ಕೊಡ ಬಗ್ಗಿಸುತ್ತಾನೆ. ಪಟ್ಟಿ ಕುಗ್ಗಿ ಇಡೀ ಗಾಲಿಯನ್ನು ಬಿಗಿದು ಹಿಡಿಯುತ್ತದೆ. ಆ ಒಂದು ಮಾತು ಬರದೆ ನಲವತ್ತು ವರ್ಷದಲ್ಲಿ ಒಂದು ತೊಟ್ಟು ನೀರು ಬಿದ್ದದ್ದಿಲ್ಲ.

ಮೊದಲ ಗಾಲಿಗೆ ತಮ್ಮ ಪಟ್ಟಿ ಕೂರಿಸಿದ. ತಟ್ಟಿದ. ಅಭ್ಯಾಸಬಲದಿಂದ ಇಪ್ಪತ್ತು ಎಣಿಸಿದ. ಆಳೆತ್ತರದ ಗಾಲಿಗೆ ಇಪ್ಪತ್ತು ಸರಿ, ಗೇಣುದ್ದದ್ದಕ್ಕಲ್ಲ ಎನ್ನುವುದು ಆ ಬುದ್ಧಿವಂತನಿಗೆ ಹೊಳೆಯಲೇ ಇಲ್ಲ. ಹತ್ತಕ್ಕೆ ಉರಿ ಎದ್ದಿತು. ದೊಡ್ಡ ಗಾಲಿಯಲ್ಲೂ ಏಳುತ್ತದೆ, ಅದೇನು ಹೊಸದೇ? ಅಣ್ಣ ಚೊಂಬು ಹಿಡಿದು ನಿಂತೇ ಇದ್ದ. “ನೀರು!” ಎನ್ನುವಷ್ಟರಲ್ಲಿ ಅಂಚು ಇದ್ದಿಲಾಗಿ, ಪಟ್ಟಿ ಸಡಿಲ ಬಳೆಯ ಹಾಗೆ ಗಲಗಲ ಎಂದಿತು.

ಅಣ್ಣ ಬೈಯಲಿಲ್ಲ. ಚೊಂಬು ಕೆಳಗಿಟ್ಟು ಒಳಗೆ ಹೋದ. ಬೈದಿದ್ದರೆ ತಮ್ಮ ಹೇಗೋ ತಡೆದುಕೊಳ್ಳುತ್ತಿದ್ದ.

ಎರಡು ದಿನ ಅಂಗಳದಲ್ಲಿ ಮಾತಿಲ್ಲ. ಹದವಾಗಿ ಒಣಗಿದ ಮರ, ಸುಟ್ಟದ್ದರ ಬದಲಿಗೆ ಇನ್ನೊಂದು ಗಾಲಿಗಾಗುವಷ್ಟು ಮಾತ್ರ ಉಳಿದಿತ್ತು. ಎರಡನೆಯದೂ ಸುಟ್ಟರೆ ಗಾಡಿಯೇ ಇಲ್ಲ. ತಮ್ಮನಿಗೆ ಗಾಡಿಯ ಚಿಂತೆಗಿಂತ, ಅಣ್ಣ ಇನ್ನು ತನ್ನ ಕೈಗೆ ಮರ ಕೊಡುತ್ತಾನೋ ಇಲ್ಲವೋ ಎನ್ನುವ ಚಿಂತೆಯೇ ದೊಡ್ಡದಾಯಿತು. ಕುಲುಮೆಯಲ್ಲಿ ಒಬ್ಬನೇ ಕೂತು ರದ್ದಿ ಮರದ ಬಿಲ್ಲೆಗಳಿಗೆ ಪಟ್ಟಿ ಹಾಕಿ ಸುಟ್ಟ, ಮತ್ತೆ ಸುಟ್ಟ. ಎಣಿಕೆ ನಾಲ್ಕಕ್ಕೆ ಹೊಗೆ, ಆರಕ್ಕೆ ಕಪ್ಪು. ಹದಿನೇಳು ಬಿಲ್ಲೆ ಸುಟ್ಟ ಮೇಲೂ ಧೈರ್ಯ ಬರಲಿಲ್ಲ.

“ಅತ್ತಿಗೆ, ಲೇತ್ ಅಂಗಡಿಯವನ ಹತ್ರ ಪಟ್ಟಿ ಮಾಡಿಸಿ ಅಂಟು ಹಚ್ಚಿ ಕೂರಿಸಲಿ ಅಂತ ಅಣ್ಣಂಗೆ ಹೇಳಿ” ಎಂದ.

“ನೀವೇ ಹೇಳಿ. ನಿಮ್ಮಿಬ್ಬರ ಮಧ್ಯೆ ಅಂಚೆ ಹಂಚೋಕೆ ನನಗೇನು ಸಂಬಳ ಬರುತ್ತಾ?”

ಮೂರನೆಯ ಬೆಳಿಗ್ಗೆ ಅಣ್ಣನೇ ಕುಲುಮೆಗೆ ಬಂದ. ಟವೆಲಿನಲ್ಲಿ ಸುತ್ತಿದ ಎರಡನೆಯ ಗಾಲಿಯನ್ನು ತಮ್ಮನ ಮುಂದೆ ಇಟ್ಟ.

“ಲೇತ್‌ನವನು...” ಎಂದು ತಮ್ಮ ತೊದಲಿದ.

“ನನ್ನ ಗಾಲಿಗೆ ಬೇರೆಯವರ ಪಟ್ಟಿ ಬಿದ್ದಿದ್ದು ಯಾವತ್ತಾದ್ರೂ ನೋಡಿದ್ದೀಯೇನೋ? ಬೆಂಕಿ ಮಾಡು.”

“ಹಾಗಾದ್ರೆ ಈ ಸಲ ನೀನೇ ನೋಡ್ಕೊಂಡು ನೀರು ಹುಯ್ಯಿ ಅಣ್ಣ. ನನಗಾಗಿ ಕಾಯಬೇಡ.”

“ಕಬ್ಬಿಣದ ಮಾತು ನಿಂದು. ನೀನು ಹೇಳದೆ ನಾನು ಹುಯ್ಯಲ್ಲ.”

ಪಟ್ಟಿ ಕೆಂಪಾಯಿತು. ತಮ್ಮ ಅದನ್ನು ಇಕ್ಕಳದಲ್ಲಿ ಹಿಡಿದು ಕೂರಿಸಿದ. ತಟ್ಟುತ್ತಾ ಎಣಿಸಿದ. ಒಂದು, ಎರಡು, ಮೂರು. ಅಂಚಿನಿಂದ ಹೊಗೆಯ ಎಳೆಯೊಂದು ಎದ್ದಿತು.

“ನೀರು!”

ಅವನ ಬಾಯಿಂದ ಮಾತು ಬೀಳುವುದಕ್ಕೂ ಚೊಂಬು ಬಗ್ಗುವುದಕ್ಕೂ ನಡುವೆ ಕೂದಲೆಳೆಯಷ್ಟೂ ತಡವಿರಲಿಲ್ಲ. ಚುಂಯ್ ಎಂದಿತು. ಆವಿಯೊಳಗಿಂದ ಸಂದುಗಳು ಟಕ್ ಟಕ್ ಎಂದು ಒಂದೊಂದಾಗಿ ಮುಚ್ಚಿಕೊಳ್ಳುವ ಸದ್ದು ಕೇಳಿತು. ಅಣ್ಣ ಗಾಲಿಯನ್ನೆತ್ತಿ ಕಿವಿಯ ಹತ್ತಿರ ಹಿಡಿದು, ಬೆರಳ ಗೆಣ್ಣಿನಿಂದ ಹನ್ನೆರಡು ಕಡ್ಡಿಯನ್ನೂ ತಟ್ಟಿದ. ಹನ್ನೆರಡರದ್ದೂ ಒಂದೇ ದನಿ. ತಮ್ಮ ಇಕ್ಕಳ ಕೆಳಗಿಟ್ಟ.

“ಅಣ್ಣ, ಅವತ್ತು ಕಣ್ಣೆದುರಿಗೇ ನಿನ್ನ ಮರ ಉರೀತಿತ್ತಲ್ಲ. ನನ್ನ ಮಾತಿಗೆ ಬೆಲೆ ಕೊಟ್ಟು ಸುಮ್ಮನೆ ನಿಂತೆ. ಅದೇ ನನ್ನನ್ನ ಎರಡು ದಿನ ತಿಂದುಹಾಕ್ತು.”

ಅಣ್ಣ ಗಾಲಿಯ ನೀರನ್ನು ಟವೆಲಿನಿಂದ ಒರೆಸಿದ.

“ಬೆಲೆ ಗಿಲೆ ಏನೂ ಇಲ್ಲ ಕಣೋ” ಎಂದ. “ನಾನೂ ಮನಸ್ಸಿನಲ್ಲೇ ಎಣಿಸ್ತಾ ಇದ್ದೆ. ಇಪ್ಪತ್ತು ಇನ್ನೂ ಆಗಿಲ್ವಲ್ಲ ಅಂತ ನಿಂತಿದ್ದೆ. ನಿನಗೆ ಹೇಗೆ ಹೇಳೋದು ಅಂತ ಎರಡು ದಿನ ಬೇಕಾಯ್ತು.”